ಬಳ್ಳಾರಿಯ ದನಿ, ಬೆಂಗಳೂರಿನ ಮೈಕು

ಪರದೆ ಹಿಂದೆ ನಿಂತು ಪಾತ್ರಕ್ಕೆ ದನಿ ಕೊಡೋದು ಬಳ್ಳಾರಿಗೆ ಹೊಸದಲ್ಲ. ಬೆಳಗಲ್ಲು ವೀರಣ್ಣನವರ ತೊಗಲುಗೊಂಬೆಯಾಟ ನೋಡಿದವರನ್ನ ಕೇಳಿ.

ಸಿನಿಮಾ ಡಬ್ಬಿಂಗ್ ಕಥೆಯೇ ಬೇರೆ. ಕನ್ನಡದಲ್ಲಿ ಅದಕ್ಕೆ ದಶಕಗಳ ಅಘೋಷಿತ ತಡೆ ಇತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ಕೊಡ್ತು. 2019ರಲ್ಲಿ ತೆಲುಗಿನ ‘ಸೈರಾ ನರಸಿಂಹ ರೆಡ್ಡಿ’ ಕನ್ನಡದಲ್ಲೂ ಬಂತು, 2020ರ ಲಾಕ್‌ಡೌನ್‌ನಲ್ಲಿ ಡಬ್ ಆದ ‘ಮಹಾಭಾರತ’ ಟೀವಿಗೆ ಬಂತು.

ಸಿರುಗುಪ್ಪ, ಕುರುಗೋಡಿನಲ್ಲಿ ಕೂತವರಿಗೆ ಬೆಂಗಳೂರಿನ ಡಬ್ಬಿಂಗ್ ಮೈಕು ಸಿಗೋದು ಹೇಗೆ? ಇನ್‌ಸ್ಟಾಗ್ರಾಂನಿಂದ ಶುರು ಮಾಡಿ. ಒಂದು ಜಾಹೀರಾತು, ಒಂದು ಕಾರ್ಟೂನ್, ಒಂದು ಗಂಭೀರ ನಿರೂಪಣೆ: ಅರ್ಧರ್ಧ ನಿಮಿಷ ಸಾಕು. ಅಣ್ಣಾವ್ರ ಮಿಮಿಕ್ರಿ ಬೇಡ; ಲೈಕ್ ಬರುತ್ತೆ, ಕೆಲಸ ಬರೋದು ಅನುಮಾನ. ತೆಲುಗು ಬರುತ್ತಾ? ಬಯೋದಲ್ಲಿ ಮೊದಲು ಅದನ್ನೇ ಬರೀರಿ. ಮೂಲ ಸಂಭಾಷಣೆ ಅರ್ಥವಾಗೋ ಕಲಾವಿದರು ತುಟಿಚಲನೆಗೆ ಬೇಗ ಹೊಂದ್ಕೋತಾರೆ. ಗಡಿನಾಡಿನವರಿಗೆ ಇದು ಪುಕ್ಕಟೆ ಆಸ್ತಿ.

ರೆಕಾರ್ಡ್ ಮಾಡೋವಾಗ ಫ್ಯಾನ್ ಬಂದ್. ಬಳ್ಳಾರಿ ಬಿಸಿಲಲ್ಲಿ ಇದು ಶಿಕ್ಷೆನೇ, ಬೆಳಗಿನ ಜಾವ ಕೂತ್ಕೊಳ್ಳಿ. ಗೋಡೆಗೆ ಅಜ್ಜಿಯ ಕೌದಿ ಇಳಿಬಿಟ್ರೆ ಪ್ರತಿಧ್ವನಿ ಕಡಿಮೆ. ಡಬ್ಬಿಂಗ್ ನಿರ್ದೇಶಕರಿಗೆ ಎರಡೇ ಸಾಲಿನ ಸಂದೇಶ, ಜೊತೆಗೆ ಡೆಮೊ ಲಿಂಕ್.

‘ನೋಂದಣಿ ಶುಲ್ಕ ಕಟ್ಟಿ, ಪಾತ್ರ ಪಕ್ಕಾ’ ಅಂದ್ರೆ ಬ್ಲಾಕ್ ಮಾಡಿ. ಕೆಲಸ ಒಪ್ಕೊಂಡ್ರೆ, ನಿಮ್ಮ ದನಿಯನ್ನ ಎಐ ತರಬೇತಿಗೆ ಬಳಸೋದಿಲ್ಲ ಅಂತ ಫೈಲ್ ಕಳಿಸೋ ಮೊದಲೇ ಬರವಣಿಗೆಯಲ್ಲಿ ತಗೊಳ್ಳಿ.