ಮುರಿದ ಕೈಗೆ ಲೆಕ್ಕ ಕಟ್ಟುವ ಲಾಯರು

ಲಾರಿ ಗುದ್ದಿ ಆಸ್ಪತ್ರೆ ಸೇರಿದವನಿಗೆ ಪಟ್ಟಿ ಕಟ್ಟಿ ಮುಗಿಯುವುದರೊಳಗೆ ಮಂಚದ ಬಳಿ ಒಬ್ಬ ಪ್ರತ್ಯಕ್ಷನಾಗುತ್ತಾನೆ. ‘ಏನೂ ಯೋಚ್ನೆ ಮಾಡ್ಬೇಡಿ ಅಣ್ಣಾ, ನಮ್ಮ ಲಾಯರ್ ಸಾಹೇಬ್ರು ಎಲ್ಲಾ ನೋಡ್ಕೋತಾರೆ. ಬಂದದ್ರಲ್ಲಿ ಇಷ್ಟು ಕೊಟ್ರೆ ಸಾಕು’ ಎಂದು ವಕಾಲತ್ತಿನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾನೆ. ಹೀಗೆ ಕೇಸು ಹುಡುಕಿಕೊಂಡು ಹೋಗುವುದೂ ಪರಿಹಾರದಲ್ಲಿ ಪಾಲು ಮಾತಾಡುವುದೂ ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. ಅಮೆರಿಕದಲ್ಲಿ ಪಾಲಿನ ಫೀಸು ರೂಢಿ, ಇಲ್ಲಿ ನಿಷಿದ್ಧ. ನಿಷಿದ್ಧವಾದದ್ದೆಲ್ಲ ನಿಂತುಹೋಗಿದೆಯೇ ಎಂದು ಮಾತ್ರ ಕೇಳಬೇಡಿ!

ಈ ಏಜೆಂಟರನ್ನು ನೋಡಿ ‘ಆಕ್ಸಿಡೆಂಟ್ ಲಾಯರ್’ ಎಂದರೆ ಮೂಗು ಮುರಿಯುವವರುಂಟು. ಅದು ನಿಯತ್ತಿನವರಿಗೆ ಮಾಡುವ ಅನ್ಯಾಯ.

ಕಾನೂನು ಪದವಿ, ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ, 2010ರ ನಂತರ ಪಾಸಾದವರಿಗೆ ಅಖಿಲ ಭಾರತ ಬಾರ್ ಪರೀಕ್ಷೆ. ಆಮೇಲೆ ಸೀನಿಯರ್ ಆಫೀಸಿನಲ್ಲಿ ಫೈಲು ಹೊತ್ತು, ವಾಯಿದೆ ಕೇಳಿ ಸವೆಯುವ ವರ್ಷಗಳು. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಕೆಲಸವನ್ನು ಪುಸ್ತಕ ಕಲಿಸುವುದಿಲ್ಲ. ಎಫ್‌ಐಆರ್, ಮಹಜರು, ಗಾಯದ ಸರ್ಟಿಫಿಕೇಟು ಒಂದಕ್ಕೊಂದು ತಾಳೆಯಾಗಬೇಕು. ಡಾಕ್ಟರನ್ನು ಸಾಕ್ಷಿಗೆ ಕರೆಸಬೇಕು, ಇನ್ಶೂರೆನ್ಸ್ ಕಂಪನಿ ವಕೀಲರ ಪಾಟೀಸವಾಲಿಗೆ ಕಕ್ಷಿದಾರ ತಡವರಿಸದಂತೆ ನೋಡಿಕೊಳ್ಳಬೇಕು.

ಎಲ್ಲಕ್ಕಿಂತ ಕಷ್ಟದ್ದು ಕೂಲಿಯವನ ಸಂಪಾದನೆ ಸಾಬೀತು ಮಾಡುವುದು. ಗಾರೆ ಕೆಲಸದವನಿಗೆ ಸಂಬಳದ ಚೀಟಿ ಯಾರು ಕೊಟ್ಟಾರು? 2004ರಲ್ಲಿ ಅಪಘಾತಕ್ಕೆ ಸಿಕ್ಕಿದ ಕರ್ನಾಟಕದ ಕೂಲಿಯೊಬ್ಬ ತಿಂಗಳಿಗೆ 4,500 ರೂಪಾಯಿ ದುಡಿಯುತ್ತಿದ್ದೆ ಎಂದಿದ್ದ. ನ್ಯಾಯಮಂಡಳಿ ಹಿಡಿದದ್ದು 3,000. ಸುಪ್ರೀಂ ಕೋರ್ಟ್ 2011ರಲ್ಲಿ ಅವನ ಮಾತನ್ನೇ ಒಪ್ಪಿತು. ಏಳು ವರ್ಷ, ದಿಲ್ಲಿಯವರೆಗೆ ಹೋಗಿ, 1,500 ರೂಪಾಯಿಯ ವ್ಯತ್ಯಾಸಕ್ಕೆ!

ವ್ಯತ್ಯಾಸ ಸಣ್ಣದಲ್ಲ ಸ್ವಾಮಿ. 34ರ ಬಡಗಿಯೊಬ್ಬ ತಿಂಗಳಿಗೆ 10,000 ದುಡಿಯುತ್ತಿದ್ದ, ಎಡಗೈ ಹೋಯಿತು ಎನ್ನಿ. ವರ್ಷಕ್ಕೆ 1,20,000. ಆ ವಯಸ್ಸಿಗೆ ಸುಪ್ರೀಂ ಕೋರ್ಟ್ 2009ರಲ್ಲಿ ಗೊತ್ತುಮಾಡಿದ ಗುಣಕ 16. ಅಂದರೆ 19,20,000. ಡಾಕ್ಟರು ಬರೆದ ಶೇ. 60 ಊನವನ್ನೇ ಹಿಡಿದರೆ ಕೈಗೆ ಬರುವುದು 11,52,000. ಔಷಧ, ನೋವಿನ ಬಾಬ್ತು ಬೇರೆ. ಆದರೆ ಕೈಯಿಲ್ಲದ ಬಡಗಿ ಶೇ. 40ರಷ್ಟು ಉಳಿ ಹಿಡಿಯುತ್ತಾನೆಯೇ? ಗುಮಾಸ್ತನ ಕೈ ಹೋದರೆ ನೌಕರಿ ಉಳಿಯಬಹುದು, ಬಡಗಿಯದೋ ಡ್ರೈವರನದೋ ಹೋದರೆ ದುಡಿಮೆಯೇ ಹೋದಂತೆ ಎಂದು ಅದೇ ಕೋರ್ಟು 2010ರಲ್ಲಿ ಹೇಳಿದೆ. ಈ ಮಾತನ್ನು ಎತ್ತಿ ವಾದಿಸುವ ವಕೀಲ ಸಿಕ್ಕಿದರೆ 7,68,000 ಹೆಚ್ಚು. ಹತ್ತು ಕೇಸಿನ ಕಟ್ಟು ಒಟ್ಟಿಗೆ ಹಿಡಿದು ‘ರಾಜಿ ಮಾಡ್ಕೊಂಬಿಡಿ’ ಎನ್ನುವವನು ಸಿಕ್ಕಿದರೆ ಅದು ಅಲ್ಲಿಗೇ ಖೋತಾ.

ಇನ್ನೊಂದು ಗಂಡಾಂತರವಿದೆ. 1994ರ ತಿದ್ದುಪಡಿ ತೆಗೆದುಹಾಕಿದ್ದ ಕಾಲಮಿತಿಯನ್ನು 2019ರ ತಿದ್ದುಪಡಿ ಮತ್ತೆ ತಂದಿದೆ. 2022ರ ಏಪ್ರಿಲ್‌ನಿಂದ ಅರ್ಜಿಗೆ ಆರೇ ತಿಂಗಳು. ಇದರ ಸಿಂಧುತ್ವ ಸುಪ್ರೀಂ ಕೋರ್ಟಿನವರೆಗೂ ಹೋಗಿದೆ. ಆದರೂ ಹುಷಾರಿನ ವಕೀಲರು ಕಾಯುವುದಿಲ್ಲ, ರಾಡು ಹಾಕಿಸಿಕೊಂಡು ಮಲಗಿದವನ ಮನೆಗೇ ಜೂನಿಯರನ್ನು ಕಳಿಸಿ ಕಾಗದ ಜೋಡಿಸುತ್ತಾರೆ.

ಮಧ್ಯಾಹ್ನ ಕೋರ್ಟಿನ ಜಗಲಿಯಲ್ಲಿ ಊರುಗೋಲು ಒರಗಿಸಿ ಕುಳಿತವರು ಕೇಳುವುದು ಗುಣಕವನ್ನಲ್ಲ. ‘ಸಾರ್, ಮುಂದಿನ ವಾಯಿದೆಗಾದ್ರೂ ಆಗ್ತದಾ?’