ಸಡಿಲಾದರೇ ಗಟ್ಟಿ

ವಾಲ್ರಸ್‌ನ ಶಿಶ್ನದೊಳಗೆ ಎರಡು ಅಡಿಯವರೆಗೂ ಬೆಳೆಯುವ ಮೂಳೆಯಿದೆ. ಚಿಂಪಾಂಜಿಗೂ ಕೆಲವು ಮಿಲಿಮೀಟರಿನ ಚೂರೊಂದಿದೆ. ಮನುಷ್ಯನಿಗೆ ಅದೂ ಇಲ್ಲ. ಇರುವ ಬಂಡವಾಳ ರಕ್ತವೊಂದೇ. ಮೈಯಲ್ಲಿ ಹರಿಯುವ ಐದು ಲೀಟರಿನಲ್ಲಿ ಒಂದು ಲೋಟದಷ್ಟೂ ಈ ಕೆಲಸಕ್ಕೆ ಬೇಡ.

ನಿಮಿರುವುದೆಂದರೆ ಸ್ನಾಯು ಬಿಗಿಯುವುದು ಎಂದೇ ಬಹಳ ಜನರ ಎಣಿಕೆ. ನಡೆಯುವುದು ತಿರುಗುಮುರುಗು. ಶಿಶ್ನದ ಉದ್ದಕ್ಕೂ ಸ್ಪಂಜಿನಂಥ ಎರಡು ಕೊಳವೆಗಳಿವೆ. ಅವುಗಳ ಪುಟ್ಟ ಗೂಡುಗಳ ಗೋಡೆಯಲ್ಲಿರುವ ಸ್ನಾಯು ದಿನದ ಬಹುಪಾಲು ಬಿಗಿದುಕೊಂಡೇ ಇರುತ್ತದೆ. ನರಗಳು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಟ್ಟಾಗಲೇ ಅದು ಸಡಿಲಾಗುವುದು, ರಕ್ತ ನುಗ್ಗುವುದು. ಆ ಅನಿಲದ ಆಯುಸ್ಸು ಕೆಲವೇ ಸೆಕೆಂಡು! ರಕ್ತನಾಳಗಳಲ್ಲಿ ಅದರ ಪಾತ್ರ ಪತ್ತೆಹಚ್ಚಿದ ಫರ್ಚ್‌ಗಾಟ್, ಇಗ್ನಾರೊ, ಮುರಾಡ್ ಅವರಿಗೆ 1998ರಲ್ಲಿ ನೊಬೆಲ್ ಬಂತು. ಎದೆನೋವಿಗೆಂದು ಪರೀಕ್ಷಿಸಿದ್ದ ವಯಾಗ್ರ ಮಾತ್ರೆಗೆ ನಿಮಿರುವಿಕೆಯ ತೊಂದರೆಗೆಂದು ಅಮೆರಿಕ ಒಪ್ಪಿಗೆ ಕೊಟ್ಟದ್ದೂ ಅದೇ ವರ್ಷ ಮಾರ್ಚಿನಲ್ಲಿ.

ನನಗೆ ಎಲ್ಲಕ್ಕಿಂತ ಸೋಜಿಗವೆನಿಸುವುದು ಕೊಳವೆಗಳ ಹೊದಿಕೆ. ಸುಮಾರು ಎರಡು ಮಿಲಿಮೀಟರ್ ದಪ್ಪದ ಈ ಪೊರೆ ರಕ್ತ ತುಂಬಿ ಹಿಗ್ಗಿದಾಗ ಅರ್ಧ ಮಿಲಿಮೀಟರಿಗೂ ತೆಳ್ಳಗಾಗುತ್ತದೆ, ಆದರೂ ಹರಿಯುವುದಿಲ್ಲ. ರಕ್ತವನ್ನು ಹೊರಗೊಯ್ಯುವ ಸಿರೆಗಳು ಅದರಡಿಯಲ್ಲಿ ಅದುಮಿಹೋಗುತ್ತವೆ. ಬಂದ ರಕ್ತ ಅಲ್ಲೇ ಸೆರೆ. ಆಗ ಒಳಗಿನ ಒತ್ತಡ, ಬಿಪಿಯ ಲೆಕ್ಕದಲ್ಲಿ, 100ರ ಆಸುಪಾಸು. ಬುಡದ ಸ್ನಾಯುಗಳು ಹಿಂಡಿದ ಗಳಿಗೆಯಲ್ಲಂತೂ ಕೆಲವು ನೂರಕ್ಕೇರುತ್ತದೆ. 120ರ ಒತ್ತಡದಲ್ಲಿ ರಕ್ತ ತಳ್ಳುವ ಹೃದಯಕ್ಕೂ ಆ ಕ್ಷಣ ಅಲ್ಲಿ ಪ್ರವೇಶವಿಲ್ಲ. ಈ ಸೆರೆ ನಾಲ್ಕು ಗಂಟೆ ದಾಟಿದರೆ ಆಕ್ಸಿಜನ್ ತೀರಿ ಅಂಗಾಂಶ ಸಾಯತೊಡಗುತ್ತದೆ. ತಕ್ಷಣ ಆಸ್ಪತ್ರೆಗೆ ಓಡಬೇಕು.

ಆರೋಗ್ಯವಂತ ಗಂಡಸಿಗೆ ನಿದ್ದೆಯಲ್ಲೇ ರಾತ್ರಿಗೆ 3ರಿಂದ 5 ಸಲ, ಒಂದೊಂದು ಸಲ ಅರ್ಧ ಗಂಟೆಯಷ್ಟು ಹೊತ್ತು ನಿಮಿರುವಿಕೆ ಆಗುತ್ತದೆ. ಅದಕ್ಕೆ ಕಾಮದ ಕನಸೇ ಬೀಳಬೇಕೆಂದಿಲ್ಲ. ಗರ್ಭದಲ್ಲಿರುವ ಗಂಡುಮಗುವಿಗೂ ಆಗುವುದು ಸ್ಕ್ಯಾನಿಂಗ್‌ನಲ್ಲಿ ಕಂಡಿದೆ.

ಬಸ್ ನಿಲ್ದಾಣದ ಗೋಡೆಗಳ ಮೇಲಿನ ಪೋಸ್ಟರುಗಳು ‘ನರದೌರ್ಬಲ್ಯ’ ಎಂದು ಹೆದರಿಸುತ್ತವಲ್ಲ, ನಡುವಯಸ್ಸು ದಾಟಿದವರಲ್ಲಿ ಕೈಕೊಡುವುದು ಹೆಚ್ಚಾಗಿ ರಕ್ತನಾಳ. ಶಿಶ್ನದ ಅಪಧಮನಿ 1–2 ಮಿಲಿಮೀಟರ್ ಅಗಲ, ಹೃದಯದ್ದು 3–4. ಕೊಬ್ಬು ಕಟ್ಟತೊಡಗಿದರೆ ಸಣ್ಣದಕ್ಕೇ ಮೊದಲ ಪೆಟ್ಟು. ಎದೆನೋವಿಗಿಂತ ಎರಡು ಮೂರು ವರ್ಷ ಮೊದಲೇ ಇಲ್ಲಿ ತೊಂದರೆ ತಲೆದೋರುವುದುಂಟು. ಅದಕ್ಕೇ ಬಲ್ಲ ಡಾಕ್ಟರು ಇಂಥ ದೂರು ಹೊತ್ತು ಬಂದವರಿಗೆ ಬಿಪಿ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆ ಬರೆದುಕೊಡುತ್ತಾರೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರಿಗಂತೂ ವಯಾಗ್ರ ಕೂಡದು. ಎರಡೂ ಸೇರಿದರೆ ಬಿಪಿ ಪಾತಾಳಕ್ಕಿಳಿಯುತ್ತದೆ.