ಕಡಲ ನೀರಿನಿಂದ ಇಂಧನ: ಅಡ್ಡಿ ಎಲ್ಲಿದೆ?



ಬ್ಲೀಚಿಂಗ್ ಪುಡಿಯ ಮೂಗಿಗೆ ಬಡಿಯುವ ವಾಸನೆ ನಿಮಗೆಲ್ಲ ಗೊತ್ತೇ ಇದೆ. ಅದು ಕ್ಲೋರಿನ್‌ನದು. ಕಡಲ ನೀರಿನಿಂದ ಜಲಜನಕ ತೆಗೆಯುವ ಕೆಲಸಕ್ಕೆ ಅಡ್ಡ ಬಂದಿರುವುದೂ ಈ ಕ್ಲೋರಿನ್ನೇ.

ನೀರಿನೊಳಗೆ ವಿದ್ಯುತ್ ಹಾಯಿಸಿದರೆ ಅದು ಜಲಜನಕ, ಆಮ್ಲಜನಕಗಳಾಗಿ ಒಡೆಯುತ್ತದೆ. 9 ಕಿಲೋ ನೀರಿಗೆ 1 ಕಿಲೋ ಜಲಜನಕ. ಅದನ್ನು ಉರಿಸಿದರೆ ಇಂಗಾಲದ ಹೊಗೆಯಿಲ್ಲ, ಮತ್ತೆ ನೀರಾವಿಯೇ. ಆದರೆ ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿದೆ. ಹೀಗಾಗಿ ಧನಾಗ್ರ, ಅಂದರೆ ಪ್ಲಸ್ ತುದಿಯಲ್ಲಿ ಕ್ಲೋರಿನ್ ಎದ್ದು ಲೋಹವನ್ನೇ ತಿಂದುಹಾಕುತ್ತದೆ. (ಕಾಸ್ಟಿಕ್ ಸೋಡಾ ಕಾರ್ಖಾನೆಗಳಲ್ಲಿ ಬೇಕೆಂದೇ ತೆಗೆಯುವ ಕ್ಲೋರಿನ್ ಇಲ್ಲಿ ಕರೆಯದೆ ಬಂದ ನೆಂಟ.) 2019ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ನಿಕಲ್ ಧನಾಗ್ರಕ್ಕೆ ಕ್ಲೋರೈಡನ್ನು ದೂರ ತಳ್ಳುವ ಲೇಪ ಕೊಟ್ಟರು, 12 ಗಂಟೆಯಲ್ಲಿ ಹಾಳಾಗುತ್ತಿದ್ದುದು 1000 ಗಂಟೆಗೂ ಮೀರಿ ಬಾಳಿತು.

ಉಪ್ಪನ್ನೇ ಮೊದಲು ತೆಗೆದುಬಿಟ್ಟರಾಗದೇ ಎನ್ನುವಿರಿ. ಆಗುತ್ತದೆ. ದೊಡ್ಡ ಖರ್ಚು ಅದರಲ್ಲಿಲ್ಲ. ಕಡಲಿನಿಂದ 1000 ಲೀಟರ್ ಸಿಹಿನೀರು ಪಡೆಯಲು ಸುಮಾರು 3ರಿಂದ 4 ಯೂನಿಟ್ ವಿದ್ಯುತ್ ಸಾಕು; ಬರೀ 1 ಕಿಲೋ ಜಲಜನಕಕ್ಕೆ 50 ಯೂನಿಟ್‌ನಷ್ಟು ಬೇಕು. ಆ ವಿದ್ಯುತ್ ಕಲ್ಲಿದ್ದಲಿನಿಂದ ಬಂದರೆ ಇಲ್ಲಿ ತಪ್ಪಿದ ಹೊಗೆ ಅಲ್ಲಿ ಏಳುತ್ತದೆ. ಆದ್ದರಿಂದ ಬಿಸಿಲಿನದೋ ಗಾಳಿಯದೋ ವಿದ್ಯುತ್ತೇ ಆಗಬೇಕು, ಅದೂ ಅಗ್ಗದ ದರದಲ್ಲಿ.